ದಳವಾಯಿ ವೇಷದ ಬೆಳ್ಳಿ ಡ್ರ್ಯಾಗನ್: ರೂಪ ಬದಲಿಸಿದ ಡ್ರ್ಯಾಗನ್‌ಗೆ ಸ್ಟ್ಯಾಟ್ಸ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಚಿತ್ರದುರ್ಗದ್ದನ್ನೇ ಹೋಲುವ ಏಳು ಸುತ್ತಿನ ಕೋಟೆ. ಅದಕ್ಕೊಬ್ಬ ದಳವಾಯಿ. ಊರಿಗೆಲ್ಲ ಬೇಕಾದವನು, ಆದರೆ ಮನುಷ್ಯನಲ್ಲ, ಬೆಳ್ಳಿ ಡ್ರ್ಯಾಗನ್. ಕಥೆ ಇಷ್ಟು ಹೊಳೆಯುವುದು ಕಷ್ಟವೇನಲ್ಲ. ಹಿಡಿಂಬಿ ಚೆಲುವೆಯ ರೂಪ ತಾಳಿ ಭೀಮನೆದುರು ನಿಂತ ಕಥೆ ಕೇಳಿ ಬೆಳೆದವರಿಗೆ, ಅದರಲ್ಲೂ ಹಿಡಿಂಬೇಶ್ವರನ ಗುಡಿಯಿರುವ ಬೆಟ್ಟದ ಬುಡದಲ್ಲಿರುವವರಿಗೆ, ವೇಷ ಮರೆಸಿಕೊಂಡ ದೈತ್ಯ ಹೊಸಬನಲ್ಲ. ಕಷ್ಟ ಶುರುವಾಗುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರವಹಿಸಿ ಆಡುವ ಆಟದಲ್ಲಿ ಆಟಗಾರನೊಬ್ಬ ಆ ದಳವಾಯಿಯ ಮೇಲೆ ಕತ್ತಿ ಬೀಸಿ, ಡೈಸ್ ಉರುಳಿಸಿ "ಹದಿನೇಳು, ತಾಗಿತಾ?" ಎಂದು ಕೇಳಿದಾಗ. ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಪ್ರಾಣಿಯ ಅಂಕಿಗಳಿರುವ ಯಾವ ಹಾಳೆ ನೋಡಬೇಕು?

ಬಹುಪಾಲು ಎಡವಟ್ಟು ಒಂದೇ ಕಡೆಯಿಂದ ಬರುತ್ತದೆ: ಡ್ರ್ಯಾಗನ್‌ಗೊಂದು ಹಾಳೆ, ಮನುಷ್ಯನಿಗೊಂದು ಹಾಳೆ ಮಾಡಿ ಎರಡು ಪ್ರಾಣಿಗಳನ್ನು ಆಡಿಸುವುದು. ಇರುವುದು ಒಂದೇ ಪ್ರಾಣಿ. ವೇಷ ಅದರ ಕೆಲವು ಅಂಕಿಗಳನ್ನು ಮುಚ್ಚುತ್ತದೆ, ಉಳಿದವನ್ನು ಮುಟ್ಟುವುದಿಲ್ಲ. ಯಾವುದು ಮುಚ್ಚುತ್ತದೆ, ಯಾವುದು ಉಳಿಯುತ್ತದೆ, ವೇಷ ಕಳಚುವ ಆ ಒಂದು ಟರ್ನ್‌ನಲ್ಲಿ ಏನಾಗುತ್ತದೆ ಎಂಬುದನ್ನು ಆಟಕ್ಕೆ ಕೂರುವ ಮೊದಲೇ ಬರೆದಿಟ್ಟುಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ಇಲ್ಲಿನ ಲೆಕ್ಕವೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ 2014ರ ನಿಯಮಗಳದ್ದು. ಇದರಲ್ಲಿ ಬರುವ ಪ್ರಾಣಿಗಳ ಅಂಕಿಗಳು ಎಸ್‌ಆರ್‌ಡಿ 5.1 ಎಂಬ ನಿಯಮಸಂಗ್ರಹದಲ್ಲಿವೆ. 2023ರಿಂದ ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಪುಕ್ಕಟೆಯಾಗಿ ಸಿಗುತ್ತದೆ. 2024ರ ನಂತರದ ನಿಯಮ ಆಡುವವರು ಈ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ.

ಯಾವ ಡ್ರ್ಯಾಗನ್‌ಗೆ ಈ ವಿದ್ಯೆ ಇದೆ

ರೂಪ ಬದಲಿಸುವ ಚೇಂಜ್ ಶೇಪ್ ಎಂಬ ಆ್ಯಕ್ಷನ್ (ಟರ್ನ್‌ನಲ್ಲಿ ಮಾಡುವ ಕ್ರಿಯೆ) ಲೋಹದ ಡ್ರ್ಯಾಗನ್‌ಗಳಿಗೆ ಮಾತ್ರ, ಅವುಗಳಲ್ಲೂ ಬಲಿತವಕ್ಕೆ. ಬೆಳ್ಳಿ, ಚಿನ್ನ, ಕಂಚಿನವು ಅಡಲ್ಟ್ ಹಂತದಲ್ಲೇ ರೂಪ ಬದಲಿಸುತ್ತವೆ. ತಾಮ್ರ ಮತ್ತು ಹಿತ್ತಾಳೆಯವು ಏನ್ಶಿಯೆಂಟ್ (ಮುದಿ ಹಂತ) ಆಗುವವರೆಗೆ ಕಾಯಬೇಕು. ಕೆಂಪು, ಕಪ್ಪು, ಹಸಿರು ಇತ್ಯಾದಿ ಬಣ್ಣದ ಡ್ರ್ಯಾಗನ್‌ಗಳಿಗೆ ಈ ಆ್ಯಕ್ಷನ್ ಇಲ್ಲ. ನಿಮ್ಮ ಖಳ ಕೆಂಪು ಡ್ರ್ಯಾಗನ್ನೇ ಆಗಬೇಕೆಂದಿದ್ದರೆ ಚೇಂಜ್ ಶೇಪ್ ಕೊಟ್ಟುಬಿಡಿ, ಆಟ ಕೆಡುವುದಿಲ್ಲ. ಆದರೆ ನಿಯಮ ಓದಿಕೊಂಡ ಆಟಗಾರ "ಇವನು ಲೋಹದವನೇ ಇರಬೇಕು" ಎಂದು ಲೆಕ್ಕ ಹಾಕಿ ಮೋಸ ಹೋಗುತ್ತಾನೆ. ಅದು ನಿಮಗೆ ಬೇಕೋ ಬೇಡವೋ ನೋಡಿಕೊಳ್ಳಿ.

ನಮ್ಮ ಉದಾಹರಣೆಗೆ ಅಡಲ್ಟ್ ಸಿಲ್ವರ್ ಡ್ರ್ಯಾಗನ್ ಸಾಕು.

ಮೊದಲ ಹೆಜ್ಜೆ: ನಿಜರೂಪದ ಅಂಕಿ ಬರೆಯಿರಿ

ವೇಷ ಎಷ್ಟೇ ಆಸೆ ಹುಟ್ಟಿಸಲಿ, ಹಾಳೆ ಶುರುವಾಗಬೇಕಾದ್ದು ಡ್ರ್ಯಾಗನ್‌ನಿಂದ. ಎಸಿ (ಏಟು ತಾಗಲು ಡೈಸ್ ಮುಟ್ಟಬೇಕಾದ ಅಂಕಿ) 19. ಎಚ್‌ಪಿ (ಪ್ರಾಣಬಲ) 243, ಅಂದರೆ 18ಡಿ12+126, ಹನ್ನೆರಡು ಮುಖದ ಹದಿನೆಂಟು ಡೈಸ್‌ನ ಸರಾಸರಿಗೆ 126 ಕೂಡಿದ್ದು. ಸ್ಟ್ರೆಂತ್ 27, ಡೆಕ್ಸ್ಟೆರಿಟಿ 10, ಕಾನ್‌ಸ್ಟಿಟ್ಯೂಷನ್ 25, ಇಂಟೆಲಿಜೆನ್ಸ್ 16, ವಿಸ್ಡಂ 13, ಕರಿಸ್ಮಾ 21. ನೆಲದ ಮೇಲೆ ವೇಗ 40 ಅಡಿ, ಹಾರಿದರೆ 80. ಸೇವ್‌ಗಳು (ಅಪಾಯದಿಂದ ಪಾರಾಗಲು ಉರುಳಿಸುವ ಡೈಸ್‌ಗೆ ಕೂಡುವ ಅಂಕಿ) ಡೆಕ್ಸ್ +5, ಕಾನ್ +12, ವಿಸ್ +6, ಕರಿಸ್ಮಾ +10. ಆರ್ಕಾನಾ +8, ಹಿಸ್ಟರಿ +8, ಪರ್ಸೆಪ್ಷನ್ +11, ಸ್ಟೆಲ್ತ್ +5. ಚಳಿಯ ಡ್ಯಾಮೇಜ್ ತಾಗುವುದಿಲ್ಲ. ದಿನಕ್ಕೆ ಮೂರು ಲೆಜೆಂಡರಿ ರೆಸಿಸ್ಟೆನ್ಸ್ (ಸೋತ ಸೇವ್ ಅನ್ನು ಗೆದ್ದಂತೆ ಮಾಡುವುದು). ಸಿಆರ್ (ಚಾಲೆಂಜ್ ರೇಟಿಂಗ್, ಎದುರಾಳಿಯ ಬಲದ ಅಳತೆ) 16, ಹಾಗಾಗಿ ಪ್ರೊಫಿಶಿಯೆನ್ಸಿ ಬೋನಸ್ (ಪಳಗಿದ ವಿದ್ಯೆಗೆ ಕೂಡುವ ಅಂಕಿ) +5. ಕಚ್ಚಿದರೆ ಸರಾಸರಿ 19, ಪಂಜ 15ರಂತೆ ಎರಡು ಸಲ, ಮೂರೂ ಸೇರಿ ಒಂದು ಸುತ್ತಿಗೆ 49. ಶೀತದ ಉಸಿರು 13ಡಿ8, ಸರಾಸರಿ 58, ಸೇವ್ ಡಿಸಿ (ಪಾರಾಗಲು ಮುಟ್ಟಬೇಕಾದ ಅಂಕಿ) 20.

ಈ ಸಾಲುಗಳನ್ನು ಹಾಳೆಯ ಎಡಭಾಗದಲ್ಲಿ ಪೆನ್ನಿನಿಂದ ಬರೆಯಿರಿ. ಬಲಭಾಗ ವೇಷಕ್ಕೆ.

ಎರಡನೇ ಹೆಜ್ಜೆ: ಉಳಿಯುವುದೇನು, ಹೋಗುವುದೇನು

ಚೇಂಜ್ ಶೇಪ್ ನಿಯಮ ಉಳಿಯುವುದನ್ನು ಮಾತ್ರ ಹೆಸರಿಸುತ್ತದೆ: ಅಲೈನ್‌ಮೆಂಟ್ (ಒಳಿತು-ಕೆಡುಕಿನ ಒಲವು), ಎಚ್‌ಪಿ, ಹಿಟ್ ಡೈಸ್ (ಎಚ್‌ಪಿ ಲೆಕ್ಕದ ಡೈಸ್), ಮಾತನಾಡುವ ಶಕ್ತಿ, ಪ್ರೊಫಿಶಿಯೆನ್ಸಿಗಳು, ಲೆಜೆಂಡರಿ ರೆಸಿಸ್ಟೆನ್ಸ್, ಲೇರ್ ಆ್ಯಕ್ಷನ್ (ತನ್ನ ಗವಿಯಲ್ಲಿ ಮಾಡುವ ಕ್ರಿಯೆ), ಇಂಟೆಲಿಜೆನ್ಸ್, ವಿಸ್ಡಂ, ಕರಿಸ್ಮಾ, ಜೊತೆಗೆ ಚೇಂಜ್ ಶೇಪ್ ಕೂಡ. ಮಿಕ್ಕದ್ದೆಲ್ಲ ಹೊಸ ರೂಪದ್ದು. ಹೊಸ ರೂಪಕ್ಕೆ ಕ್ಲಾಸ್ ಫೀಚರ್ (ಪಾತ್ರದ ವೃತ್ತಿಯಿಂದ ಬರುವ ವಿದ್ಯೆ) ಅಥವಾ ಲೆಜೆಂಡರಿ ಆ್ಯಕ್ಷನ್ (ಬೇರೆಯವರ ಟರ್ನ್ ಮುಗಿದಾಗ ಮಾಡುವ ಹೆಚ್ಚುವರಿ ಕ್ರಿಯೆ) ಇದ್ದರೆ ಅವು ಡ್ರ್ಯಾಗನ್‌ಗೆ ಸಿಗುವುದಿಲ್ಲ.

ಪಟ್ಟಿಯಲ್ಲಿ ಇಲ್ಲದ್ದನ್ನು ಬೆರಳಿಟ್ಟು ಓದಿ. ಚಳಿಯ ಇಮ್ಯುನಿಟಿ ಇಲ್ಲ. 60 ಅಡಿಯ ಬ್ಲೈಂಡ್‌ಸೈಟ್ (ಕಣ್ಣಿಲ್ಲದೆ ಗ್ರಹಿಸುವ ಶಕ್ತಿ), 120 ಅಡಿಯ ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಶಕ್ತಿ) ಇಲ್ಲ. ಫ್ರೈಟ್‌ಫುಲ್ ಪ್ರೆಸೆನ್ಸ್ (ಎದುರಿದ್ದವರನ್ನು ಬೆದರಿಸುವ ಶಕ್ತಿ) ಇಲ್ಲ, ಉಸಿರಿಲ್ಲ, ಡ್ರ್ಯಾಗನ್‌ನ ಲೆಜೆಂಡರಿ ಆ್ಯಕ್ಷನ್‌ಗಳೂ ಇಲ್ಲ. ಲೆಜೆಂಡರಿ ರೆಸಿಸ್ಟೆನ್ಸ್ ಉಳಿಯುತ್ತದೆ, ಲೆಜೆಂಡರಿ ಆ್ಯಕ್ಷನ್ ಹೋಗುತ್ತದೆ. ಹೆಸರು ಹತ್ತಿರವಿರುವುದರಿಂದ ಅತಿ ಹೆಚ್ಚು ಗೊಂದಲವಾಗುವುದು ಇಲ್ಲೇ.

ಎಚ್‌ಪಿ ವಿಷಯದಲ್ಲಿ ಪಾಲಿಮಾರ್ಫ್ ಮಂತ್ರದ ನೆನಪನ್ನು ಬದಿಗಿಡಿ. ಪಾಲಿಮಾರ್ಫ್‌ನಲ್ಲಾಗಲಿ, ಡ್ರೂಯಿಡ್‌ನ ವೈಲ್ಡ್ ಶೇಪ್‌ನಲ್ಲಾಗಲಿ ಹೊಸ ರೂಪಕ್ಕೆ ಬೇರೆಯೇ ಎಚ್‌ಪಿ ಇರುತ್ತದೆ, ಅದು ಮುಗಿದರೆ ಹಳೆಯ ರೂಪ ಮೇಲೆ ಬರುತ್ತದೆ. ಡ್ರ್ಯಾಗನ್‌ಗೆ ಹಾಗಿಲ್ಲ. ದಳವಾಯಿಯಾಗಿ 80 ತಿಂದರೆ ಡ್ರ್ಯಾಗನ್ ಆದ ಮೇಲೂ ಇರುವುದು 163. ಕಾನ್ 25ರಿಂದ 14ಕ್ಕೆ ಇಳಿಯಿತಲ್ಲ ಎಂದು 18 ಡೈಸ್‌ಗೆ +2ರಂತೆ ಕೂಡಿ 153 ಬರೆಯುವವರಿದ್ದಾರೆ. ಅದು ಬೇಡ. ಎಚ್‌ಪಿ ಉಳಿಯುತ್ತದೆ ಎಂದು ನಿಯಮವೇ ಹೇಳಿರುವಾಗ ಮತ್ತೆ ಗುಣಿಸುವ ಹಾಗಿಲ್ಲ. ವೇಷದಲ್ಲೇ ಶಾರ್ಟ್ ರೆಸ್ಟ್ ತೆಗೆದುಕೊಂಡರೆ ಮಾತ್ರ ಪ್ರತಿ ಹಿಟ್ ಡೈಗೆ 1ಡಿ12+2.

ಮೂರನೇ ಹೆಜ್ಜೆ: ವೇಷ ಆರಿಸಿ

ಹ್ಯೂಮನಾಯ್ಡ್ (ಮನುಷ್ಯರೂಪಿ) ಅಥವಾ ಬೀಸ್ಟ್ (ಮೃಗ), ಸಿಆರ್ 16 ಮೀರಬಾರದು. ನಿಯಮದ ಷರತ್ತು ಇಷ್ಟೇ. ಆದರೆ ಆಯ್ಕೆ ಕಥೆಯಿಂದ ಬರಲಿ, ಸಿಆರ್‌ನಿಂದ ಬೇಡ. ಸಿಆರ್ 12ರ ಆರ್ಚ್‌ಮೇಜ್ (ಮಹಾಮಂತ್ರವಾದಿ) ರೂಪ ಕೊಟ್ಟರೆ ಮಂತ್ರಗಳ ರಾಶಿಯೇ ಸಿಗುತ್ತದಲ್ಲ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಎನ್‌ಪಿಸಿಯ (ಡಿಎಂ ಆಡಿಸುವ ಪಾತ್ರದ) ಸ್ಪೆಲ್‌ಕಾಸ್ಟಿಂಗ್ ಕ್ಲಾಸ್ ಫೀಚರೋ ಅಲ್ಲವೋ ಎಂಬ ವಾದ ಮೇಜಿನ ಮೇಲೆ ಅರ್ಧ ಗಂಟೆ ನುಂಗುತ್ತದೆ. ನಮ್ಮ ತೀರ್ಪು: ಮಂತ್ರವಿದ್ಯೆ ಕಲಿತು ಬರುವುದು, ಮೈ ಬದಲಿಸಿದ ಮಾತ್ರಕ್ಕೆ ಬರುವುದಿಲ್ಲ. ಕೊಡಬೇಡಿ.

ದಳವಾಯಿಗೆ ಹೊಂದುವುದು ನೈಟ್. ಸಿಆರ್ 3, ಸ್ಟ್ರೆಂತ್ 16, ಡೆಕ್ಸ್ 11, ಕಾನ್ 14, ಪ್ಲೇಟ್ ಕವಚ ಸೇರಿ ಎಸಿ 18, ಗ್ರೇಟ್‌ಸ್ವೋರ್ಡ್‌ನಿಂದ ಎರಡು ಏಟು. ಇದಕ್ಕಿಂತ ಮುಖ್ಯವಾಗಿ ಲೀಡರ್‌ಶಿಪ್ ಇದೆ: 30 ಅಡಿಯೊಳಗಿನ ಜೊತೆಗಾರರಿಗೆ ಒಂದು ನಿಮಿಷ ಏಟಿಗೂ ಸೇವ್‌ಗೂ ಡಿ4 ಕೂಡುತ್ತದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಅಜ್ಜಿಯಂಥ ವೇಷ ಬೇಕೆಂದರೆ ಕಾಮನರ್ (ಸಾಮಾನ್ಯ ಪ್ರಜೆ) ಹಾಳೆ ಸಾಕು. ಎಸಿ 10, ಸ್ಟ್ರೆಂತ್ 10, ಆದರೆ ಎಚ್‌ಪಿ 243. ಕಳ್ಳನೊಬ್ಬ ಬೆನ್ನಿಗೆ ಚೂರಿ ಹಾಕಿದ ಮೇಲೂ ಅಜ್ಜಿ ಮಂಡಕ್ಕಿ ಕೆದಕುತ್ತಲೇ ಇದ್ದರೆ ಆಟಗಾರರ ಮುಖ ನೋಡುವಂತಿರುತ್ತದೆ. ಜೋಗಿಮಟ್ಟಿಯಂಥ ಕಾಡಿದ್ದರೆ ಚಿರತೆ: ಪ್ಯಾಂಥರ್ ಹಾಳೆ, ವೇಗ 50, ಮರ ಹತ್ತಲು 40. ಮೃಗರೂಪದಲ್ಲೂ ಮಾತು ಉಳಿಯುತ್ತದೆ ಎಂಬುದನ್ನು ಮರೆಯಬೇಡಿ.

ನಾಲ್ಕನೇ ಹೆಜ್ಜೆ: ಮರುಲೆಕ್ಕ

ಪ್ರೊಫಿಶಿಯೆನ್ಸಿಗಳು ಉಳಿಯುತ್ತವೆ ಸರಿ, ಬೋನಸ್ ಯಾರದ್ದು? ನೈಟ್‌ನದು +2, ಡ್ರ್ಯಾಗನ್‌ನದು +5. ನಿಯಮದಲ್ಲಿ ಬಿಡಿಸಿ ಹೇಳಿಲ್ಲ. ನಡೆಯುವ ದಾರಿ ಇದು: ಡ್ರ್ಯಾಗನ್ ತಂದ ಪ್ರೊಫಿಶಿಯೆನ್ಸಿಗೆ +5, ವೇಷ ತಂದದ್ದಕ್ಕೆ ಅಚ್ಚಾದ ಅಂಕಿ. ಎರಡಕ್ಕೂ ಇದ್ದರೆ ಹೆಚ್ಚಿನದು.

ಹಾಗೆ ನೋಡಿದರೆ ಕಾನ್ ಸೇವ್‌ಗೆ ಕಾನ್ 14ರಿಂದ ಬರುವ +2 ಕೂಡಿಸು +5, ಒಟ್ಟು +7. ನಿಜರೂಪದ +12ಕ್ಕೆ ಹೋಲಿಸಿದರೆ ಐದು ಕಮ್ಮಿ. ವಿಷ ಬೆರೆಸುವ ಆಟಗಾರರಿಗೆ ವೇಷದ ಹೊತ್ತೇ ಸರಿಯಾದ ಹೊತ್ತು. ಡೆಕ್ಸ್‌ನಿಂದ ಎರಡೂ ಕಡೆ ಕೂಡುವುದು ಸೊನ್ನೆಯೇ ಆದ್ದರಿಂದ +5, ಸ್ಟೆಲ್ತ್ ಕೂಡ +5. ಪ್ಲೇಟ್ ತೊಟ್ಟಿದ್ದರೆ ಸ್ಟೆಲ್ತ್‌ಗೆ ಡಿಸ್‌ಅಡ್ವಾಂಟೇಜ್ (ಎರಡು ಡೈಸ್ ಉರುಳಿಸಿ ಕಡಿಮೆಯದನ್ನು ಹಿಡಿಯುವುದು). ವಿಸ್, ಕರಿಸ್ಮಾ ಸೇವ್ ಬದಲಾಗುವುದಿಲ್ಲ. ಪರ್ಸೆಪ್ಷನ್ +11 ಹಾಗೇ ಇದೆ, ಪ್ಯಾಸಿವ್ (ಡೈಸ್ ಉರುಳಿಸದೆ 10 ಕೂಡಿದ್ದು) 21. ಕತ್ತಲಲ್ಲಿ ಕಣ್ಣು ಕಾಣದ ಮನುಷ್ಯನಾದರೂ ಕಿವಿಗೆ ಬೀಳುವುದು ತಪ್ಪುವುದಿಲ್ಲ. ಚಿರತೆಯಾದರೆ ಡೆಕ್ಸ್ 15, ಸ್ಟೆಲ್ತ್ +7.

ಈಗ ಕವಚ. ಎಸಿ 18 ನೈಟ್‌ನ ಚರ್ಮದ್ದಲ್ಲ, ಪ್ಲೇಟ್‌ನದ್ದು. ಡ್ರ್ಯಾಗನ್ ಬಳಿ ಪ್ಲೇಟ್ ಇಲ್ಲದಿದ್ದರೆ ರೂಪ ಬದಲಿಸಿದ ಕ್ಷಣ ನಿಂತಿರುವುದು ಎಸಿ 10ರ ಬರಿಮೈ ಗಂಡಸು. ತೊಟ್ಟ ಅಥವಾ ಹೊತ್ತ ವಸ್ತುಗಳು ಹೊಸ ರೂಪದೊಳಗೆ ಕರಗುತ್ತವೆ, ಇಲ್ಲವೇ ಹೊಸ ರೂಪ ಅವನ್ನು ಧರಿಸುತ್ತದೆ, ಆಯ್ಕೆ ಡ್ರ್ಯಾಗನ್‌ನದು. ಹೊಸದಾಗಿ ಹುಟ್ಟುವುದಂತೂ ಇಲ್ಲ. ಆದ್ದರಿಂದ ಕವಚ, ಕತ್ತಿ ಎಲ್ಲಿಂದ ಬಂತು ಎಂಬುದು ಕಥೆಯಲ್ಲಿರಲಿ. ಒಮ್ಮೆ ಮನುಷ್ಯನಾಗಿ ಹತ್ತು ನಿಮಿಷ ಕೂತು ಪ್ಲೇಟ್ ತೊಟ್ಟರೆ ಆಯಿತು, ಆಮೇಲೆ ಡ್ರ್ಯಾಗನ್ ಆಗುವಾಗ ಅದನ್ನು ಒಳಗೆ ಕರಗಿಸಿಕೊಂಡು, ಮರಳಿ ಮನುಷ್ಯನಾಗುವಾಗ ತೊಟ್ಟೇ ಬರಬಹುದು. ರಾತ್ರಿ ಮಲಗಿದ್ದಾಗ ಆಟಗಾರರು ನುಗ್ಗಿದರೆ ಎಸಿ 10. ಎರಡೂ ಅಂಕಿ ಹಾಳೆಯಲ್ಲಿರಲಿ.

ಬಲಭಾಗ ಈಗ ಹೀಗಿರುತ್ತದೆ:

ದಳವಾಯಿ, ನೈಟ್ ವೇಷ
ಎಸಿ 18 (ಪ್ಲೇಟ್), ಕವಚವಿಲ್ಲದೆ 10. ಪ್ಯಾರಿ ರಿಯಾಕ್ಷನ್ +2
ಎಚ್‌ಪಿ: ಎಡಭಾಗದ್ದೇ, ವೇಗ 30 ಅಡಿ
ಸ್ಟ್ರೆಂತ್ 16, ಡೆಕ್ಸ್ 11, ಕಾನ್ 14, ಇಂಟ್ 16, ವಿಸ್ 13, ಕರಿಸ್ಮಾ 21
ಸೇವ್: ಡೆಕ್ಸ್ +5, ಕಾನ್ +7, ವಿಸ್ +6, ಕರಿಸ್ಮಾ +10, ಲೆಜೆಂಡರಿ ರೆಸಿಸ್ಟೆನ್ಸ್ 3
ಆರ್ಕಾನಾ +8, ಹಿಸ್ಟರಿ +8, ಪರ್ಸೆಪ್ಷನ್ +11, ಸ್ಟೆಲ್ತ್ +5
ಗ್ರೇಟ್‌ಸ್ವೋರ್ಡ್ ಎರಡು ಸಲ, +5, 2ಡಿ6+3 (10), ಬ್ರೇವ್, ಲೀಡರ್‌ಶಿಪ್
ಚೇಂಜ್ ಶೇಪ್: ಒಂದು ಆ್ಯಕ್ಷನ್

ಎಚ್‌ಪಿ ಬಲಭಾಗದಲ್ಲಿ ಬೇರೆ ಬರೆಯಲೇಬೇಡಿ. ಒಂದೇ ಜಾಗದಲ್ಲಿ, ಪೆನ್ಸಿಲ್‌ನಲ್ಲಿ ಇರಲಿ. ಮೇಜಿನ ಮೇಲೆ ಮಂಡಕ್ಕಿ, ಮಿರ್ಚಿ ಇದ್ದರೆ ಹಾಳೆಯನ್ನು ಪ್ಲಾಸ್ಟಿಕ್ ಫೋಲ್ಡರ್‌ಗೆ ಹಾಕಿ, ಎಣ್ಣೆ ಬಿದ್ದ ಕಾಗದದ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ.

ಸುಳ್ಳಿನ ಲೆಕ್ಕ

ವೇಷ ಹಾಕಿದ್ದಕ್ಕೆ ಡಿಸ್‌ಗೈಸ್ ಚೆಕ್ ಇಲ್ಲ. ಅದು ಬಣ್ಣ ಬಳಿದ ಮುಖವಲ್ಲ, ನಿಜವಾದ ಮೈ. ಸಿಕ್ಕಿಬೀಳುವುದು ಮಾತಿನಲ್ಲಿ. ಬೆಳ್ಳಿ ಡ್ರ್ಯಾಗನ್‌ಗೆ ಡಿಸೆಪ್ಷನ್ (ಸುಳ್ಳಾಡುವ ವಿದ್ಯೆ) ಪ್ರೊಫಿಶಿಯೆನ್ಸಿ ಇಲ್ಲ, ಇರುವುದು ಕರಿಸ್ಮಾದ +5 ಮಾತ್ರ. ಪ್ಯಾಸಿವ್ ಆಗಿ ಹಿಡಿದರೆ ಡಿಸಿ 15. ಇನ್‌ಸೈಟ್ (ಸುಳ್ಳು ಹಿಡಿಯುವ ವಿದ್ಯೆ) +5 ಇರುವ ಒಬ್ಬ ಆಟಗಾರ 10 ಅಥವಾ ಹೆಚ್ಚು ಹಾಕಿದರೆ ಗೆದ್ದ, ಅಂದರೆ ಶೇ. 55. ಅಂಥ ನಾಲ್ವರೂ ಒಂದೊಂದು ಡೈಸ್ ಉರುಳಿಸಿದರೆ ಒಬ್ಬನಾದರೂ ಗೆಲ್ಲುವ ಸಾಧ್ಯತೆ ಶೇ. 96. ಆರು ತಿಂಗಳ ಕ್ಯಾಂಪೇನ್‌ನ ಗುಟ್ಟು ಮೊದಲ ಸಂಜೆಯೇ ಬಯಲು.

ಪ್ರೊಫಿಶಿಯೆನ್ಸಿ ಕೊಟ್ಟು ಡಿಸಿ 20 ಮಾಡಿದರೂ ನಾಲ್ವರಲ್ಲಿ ಒಬ್ಬ ಗೆಲ್ಲುವುದು ಶೇ. 76. ಅಂಕಿ ಏರಿಸಿ ಇದನ್ನು ಸರಿಮಾಡಲಾಗದು. ದಳವಾಯಿ ಸುಳ್ಳನ್ನೇ ಹೇಳದಂತೆ ಅವನ ಮಾತು ಬರೆಯಿರಿ. "ಈ ಕೋಟೆಗೆ ಬಂದು ಎಷ್ಟು ಕಾಲವಾಯಿತು?" ಎಂದರೆ "ಈಗಿನ ನಾಯಕರು ಪಟ್ಟಕ್ಕೆ ಬರುವ ಮೊದಲೇ ಇದ್ದೆ" ಎನ್ನಲಿ. ಅದು ನಿಜ, ಹಾಗಾಗಿ ಇನ್‌ಸೈಟ್ ಗೆದ್ದರೂ ಸಿಗುವುದು "ಏನೋ ಬಚ್ಚಿಡುತ್ತಿದ್ದಾನೆ" ಎಂಬಷ್ಟೇ. ಇಂಥ ಐದಾರು ಉತ್ತರಗಳನ್ನು ಹಾಳೆಯ ಹಿಂಬದಿಯಲ್ಲಿ ಮೊದಲೇ ಬರೆದಿಡಿ. ಹೊತ್ತಿಗೆ ಹೊಳೆಯುವುದಿಲ್ಲ.

ಐದನೇ ಹೆಜ್ಜೆ: ವೇಷದ ಸಿಆರ್ ಎಷ್ಟು

2014ರ ಡಿಎಂ ಕೋಷ್ಟಕದಂತೆ ಲೆಕ್ಕ ಹಾಕೋಣ. ನಿರೀಕ್ಷಿತ ಸಿಆರ್ 5ರಿಂದ 10ರೊಳಗೆ ಎಂದಿಟ್ಟುಕೊಂಡರೆ ಲೆಜೆಂಡರಿ ರೆಸಿಸ್ಟೆನ್ಸ್ ಒಂದಕ್ಕೆ 20 ಎಚ್‌ಪಿ. 243ಕ್ಕೆ 60 ಕೂಡಿ 303, ಅದು ಸಿಆರ್ 16ರ ಸಾಲು. ನಾಲ್ಕು ಸೇವ್‌ಗೆ ಪ್ರೊಫಿಶಿಯೆನ್ಸಿ ಇರುವುದರಿಂದ ಎಸಿಗೆ ಲೆಕ್ಕದಲ್ಲಿ +2, ಅಂದರೆ 20. ಆ ಸಾಲಿನ 18ಕ್ಕಿಂತ ಎರಡು ಹೆಚ್ಚು, ರಕ್ಷಣೆಯ ಸಿಆರ್ 17. ದಾಳಿಯಲ್ಲಿ ಸುತ್ತಿಗೆ 20, ಅದು ಸಿಆರ್ 2. ಅಟ್ಯಾಕ್ +5 ಆ ಸಾಲಿನ +3ಕ್ಕಿಂತ ಎರಡು ಹೆಚ್ಚು, ಹಾಗಾಗಿ 3. ಸರಾಸರಿ 10.

ಈ ಹತ್ತನ್ನು ನಂಬಬೇಡಿ. 17 ಮತ್ತು 3ರ ಸರಾಸರಿ ಎಂದರೆ ಬಂಡೆಗೆ ಕೋಲು ಕಟ್ಟಿದಂತೆ. ಎಸಿ 18ರ ಫೈಟರ್‌ಗೆ ದಳವಾಯಿಯ +5 ತಾಗಲು 13 ಬೇಕು, ಶೇ. 40. ಸುತ್ತಿಗೆ ಕೊಡುವುದು ಸರಾಸರಿ 8. ಆಟಗಾರರ ತಂಡ ಸುತ್ತಿಗೆ 45 ಹೊಡೆದರೂ 243 ಕರಗಲು ಆರು ಸುತ್ತು. ಆರು ಸುತ್ತು ಅಪಾಯವೇ ಇಲ್ಲದ ಹೊಡೆದಾಟ, ಮೂರನೇ ಸುತ್ತಿಗೆ ಒಬ್ಬ ಮೊಬೈಲ್ ತೆಗೆಯುತ್ತಾನೆ. ಅದೇ ಫೈಟರ್ ಎದುರು ನಿಜರೂಪದ ಡ್ರ್ಯಾಗನ್ +13ರಿಂದ ಶೇ. 80 ಸಲ ತಾಗಿಸಿ ಸುತ್ತಿಗೆ 39 ಕೊಡುತ್ತದೆ.

ಇದಕ್ಕೆ ನಿಯಮ ಮುರಿಯದ ಮದ್ದು: ದಳವಾಯಿಯನ್ನು ಒಂಟಿ ಬಿಡಬೇಡಿ. ಆರು ಗಾರ್ಡ್‌ಗಳನ್ನು ಕೊಟ್ಟು ಮೊದಲ ಆ್ಯಕ್ಷನ್‌ನಲ್ಲೇ ಲೀಡರ್‌ಶಿಪ್ ಬಳಸಿ. ಅವರ +3 ಈಟಿಗೆ ಡಿ4 ಸೇರಿದರೆ ಸರಾಸರಿ +5ರ ಮೇಲೆ ಹೋಗುತ್ತದೆ, 243 ಎಚ್‌ಪಿಯ ದಳವಾಯಿ ಮುಂದೆ ನಿಂತು ಏಟು ತಿನ್ನುತ್ತಾನೆ.

ನಿಯಮ ಬಗ್ಗಿಸಿದರೂ ಪರವಾಗಿಲ್ಲ ಎನ್ನುವವರು ಮೂರು ಏಟು ಕೊಡಿ, ಪ್ರತಿ ಏಟಿಗೆ 2ಡಿ8 ಚಳಿಯ ಡ್ಯಾಮೇಜ್ ಕೂಡಿಸಿ, ಅಟ್ಯಾಕ್ ಅನ್ನು ಡ್ರ್ಯಾಗನ್‌ನ +5 ಹಿಡಿದು +8 ಮಾಡಿ. ಸುತ್ತಿಗೆ 57, ದಾಳಿ ಸಿಆರ್ 9. ನಿರೀಕ್ಷಿತ ಸಿಆರ್ 11 ದಾಟುವುದರಿಂದ ರೆಸಿಸ್ಟೆನ್ಸ್ ತಲಾ 30 ಆಗಿ ರಕ್ಷಣೆ 18ಕ್ಕೆ ಏರುತ್ತದೆ. ಒಟ್ಟು 13 ಅಥವಾ 14. ಕತ್ತಿಯಿಂದ ಹಿಮ ಉದುರಿದ ಮೇಲೆ ಗುಟ್ಟು ಉಳಿಯುವುದಿಲ್ಲ ಎಂಬುದು ಗೊತ್ತಿರಲಿ.

ನಿಯಮದಲ್ಲಿಲ್ಲದ ಒಂದನ್ನು ಮಾತ್ರ ನಾವು ಯಾವಾಗಲೂ ಸೇರಿಸಿ ಎನ್ನುತ್ತೇವೆ: ವೇಷದಲ್ಲೂ ಚಳಿಯ ಇಮ್ಯುನಿಟಿ ಉಳಿಸಿ. ವಿಝರ್ಡ್ (ಮಂತ್ರವಾದಿ) ಚಳಿಯ ಮಂತ್ರ ರೇ ಆಫ್ ಫ್ರಾಸ್ಟ್ ಬಿಟ್ಟ, ದಳವಾಯಿಗೆ ಏನೂ ಆಗಲಿಲ್ಲ. ಯಾವ ಇನ್‌ಸೈಟ್ ಚೆಕ್‌ಗಿಂತಲೂ ಒಳ್ಳೆಯ ಸುಳಿವು ಇದು, ಆಟಗಾರರು ತಾವೇ ಕಂಡುಕೊಂಡದ್ದು.

ಆರನೇ ಹೆಜ್ಜೆ: ವೇಷ ಕಳಚುವ ಟರ್ನ್

ನಿಜರೂಪಕ್ಕೆ ಮರಳಲು ಒಂದು ಆ್ಯಕ್ಷನ್ ಬೇಕು. ಆ ಟರ್ನ್‌ನಲ್ಲಿ ಕಚ್ಚುವುದೂ ಇಲ್ಲ, ಉಸಿರೂ ಇಲ್ಲ. ಮುಂದಿನ ಟರ್ನ್ ಬರುವವರೆಗೆ ಆಟಗಾರರು ಒಂದು ಪೂರ್ತಿ ಸುತ್ತು ಹೊಡೆಯುತ್ತಾರೆ. ಎಚ್‌ಪಿ 50ಕ್ಕೆ ಇಳಿದ ಮೇಲೆ ರೂಪ ಬದಲಿಸಿದರೆ ಡ್ರ್ಯಾಗನ್ ರೆಕ್ಕೆ ಬಿಚ್ಚಿ ಅಲ್ಲೇ ಸಾಯುತ್ತದೆ. ಗಡಿ 150ರ ಆಸುಪಾಸಿನಲ್ಲಿರಲಿ, ಅದನ್ನು ಹಾಳೆಯಲ್ಲಿ ಕೆಂಪಿನಲ್ಲಿ ಬರೆಯಿರಿ.

ಆ ಸುತ್ತು ಪೂರಾ ದಂಡವಾಗಬೇಕಿಲ್ಲ. ಡ್ರ್ಯಾಗನ್ ಆದ ಕ್ಷಣವೇ ಮೂರು ಲೆಜೆಂಡರಿ ಆ್ಯಕ್ಷನ್ ಕೈಗೆ ಬಂದವು ಎಂದು ತೀರ್ಪು ಕೊಡಿ. ಒಬ್ಬ ಆಟಗಾರನ ಟರ್ನ್ ಮುಗಿದ ಮೇಲೆ ಎರಡು ಖರ್ಚು ಮಾಡಿ ರೆಕ್ಕೆಯ ಬಡಿತ, ಮುಂದಿನವನ ನಂತರ ಬಾಲದ ಏಟು. ರೆಕ್ಕೆ ಬಡಿದ ಮೇಲೆ ಹಾರುವ ವೇಗದ ಅರ್ಧದಷ್ಟು, 40 ಅಡಿ, ಮೇಲೇರಬಹುದು. ಉಸಿರು ಸಿದ್ಧವಿದೆ ಎಂದೇ ಹಿಡಿಯಿರಿ.

ಜಾಗ ಎಲ್ಲರೂ ಮರೆಯುವ ಸಂಗತಿ. ಅಡಲ್ಟ್ ಡ್ರ್ಯಾಗನ್ ಹ್ಯೂಜ್ ಎಂಬ ಗಾತ್ರದ್ದು, ಅದಕ್ಕೆ 15 ಅಡಿ ಚೌಕ ಬೇಕು. ದುರ್ಗದ ಕೋಟೆಯಲ್ಲಿ ಓಡಾಡಿದವರಿಗೆ ಗೊತ್ತು, ಬಾಗಿಲುಗಳು ನೇರ ಇರುವುದಿಲ್ಲ, ತಿರುವಿನ ಮೇಲೆ ತಿರುವು. ಓಬವ್ವನ ಕಿಂಡಿಯಂಥ ಕಡೆ ಒಬ್ಬ ಮನುಷ್ಯ ನುಸುಳುವುದೇ ಹೆಚ್ಚು. ಹ್ಯೂಜ್ ಪ್ರಾಣಿ ಹಿಂಡಿಕೊಂಡು ನಿಲ್ಲಬೇಕಾದರೂ ಕನಿಷ್ಠ 10 ಅಡಿ ಅಗಲ ಬೇಕು. ಹಾಗೆ ನಿಂತರೆ ಅದರ ಏಟಿಗೆ ಡಿಸ್‌ಅಡ್ವಾಂಟೇಜ್, ಅದರ ಮೇಲಿನ ಏಟಿಗೆ ಅಡ್ವಾಂಟೇಜ್ (ಎರಡು ಡೈಸ್‌ನಲ್ಲಿ ಹೆಚ್ಚಿನದು), ಡೆಕ್ಸ್ ಸೇವ್‌ಗೂ ಡಿಸ್‌ಅಡ್ವಾಂಟೇಜ್. ಅದಕ್ಕಿಂತ ಕಿರಿದಾದರೆ ರೂಪ ಬದಲಾಗುವುದಿಲ್ಲ ಎಂದುಬಿಡಿ, ಆ್ಯಕ್ಷನ್ ಮಾತ್ರ ಖರ್ಚಾಗದಿರಲಿ. ಜಾಣ ಆಟಗಾರರು ದಳವಾಯಿಯನ್ನು ಕಿಂಡಿಗೆ ಎಳೆಯಲು ನೋಡುತ್ತಾರೆ, ದಳವಾಯಿ ಅವರನ್ನು ಬಯಲಿಗೆ ಎಳೆಯುತ್ತಾನೆ. ಈ ಜಗ್ಗಾಟದಿಂದಲೇ ಹೊಡೆದಾಟಕ್ಕೆ ರುಚಿ.

ಹಾಗಾಗಿ ನಕ್ಷೆ ಬರೆಯುವಾಗ ಒಂದಿಂಚಿಗೆ 5 ಅಡಿಯಂತೆ ಗೀಟು ಹಾಕಿ, ಎಲ್ಲೆಲ್ಲಿ ಮೂರಿಂಚು ಚೌಕ ಹಿಡಿಯುತ್ತದೆ ಎಂದು ಮೊದಲೇ ಗುರುತಿಸಿ. ದಳವಾಯಿಗೆ 27 ಮಿ.ಮೀ. ಅಗಲದ 10 ರೂಪಾಯಿ ನಾಣ್ಯ ಆಗುತ್ತದೆ, ಡ್ರ್ಯಾಗನ್‌ಗೆ 7.5 ಸೆಂ.ಮೀ. ರಟ್ಟು ಕತ್ತರಿಸಿ. ರಟ್ಟನ್ನು ಮೇಜಿನ ಕೆಳಗೇ ಇಟ್ಟುಕೊಂಡಿರಿ.

ಬಯಲು ಮಾಡುವ ಮಂತ್ರಗಳು

ಟ್ರೂ ಸೀಯಿಂಗ್ ಇದ್ದವರಿಗೆ ನಿಜರೂಪ ಕಾಣುತ್ತದೆ, ವಾದವಿಲ್ಲ. ಮೂನ್‌ಬೀಮ್ ಮಂತ್ರ ಶೇಪ್‌ಚೇಂಜರ್‌ಗಳನ್ನು ಮೂಲರೂಪಕ್ಕೆ ತರುತ್ತದೆ, ಆದರೆ ಡ್ರ್ಯಾಗನ್‌ನ ಹಾಳೆಯಲ್ಲಿ ಶೇಪ್‌ಚೇಂಜರ್ ಎಂಬ ಗುರುತಿಲ್ಲ. ಅಕ್ಷರಶಃ ಓದಿದರೆ ಸುಡುತ್ತದೆ, ರೂಪ ಬದಲಿಸುವುದಿಲ್ಲ. ಡ್ರೂಯಿಡ್ ಆಡುವವನು ಅನುಮಾನಪಟ್ಟು, ಸ್ಲಾಟ್ ಖರ್ಚು ಮಾಡಿ ಮೂನ್‌ಬೀಮ್ ಹಾಕಿದ್ದರೆ ಮೈಮೇಲೆ ಬೆಳ್ಳಿಯ ಪೊರೆ ಒಂದು ಕ್ಷಣ ಮಿನುಗಿತು ಎಂದಾದರೂ ಹೇಳಿ. ನಿದ್ದೆ ಬಂದರೆ, ಎಚ್ಚರ ತಪ್ಪಿದರೆ ವೇಷ ಕಳಚುವುದಿಲ್ಲ, ಸತ್ತಾಗ ಮಾತ್ರ.

ಸತ್ತಾಗ ಹ್ಯೂಜ್ ಹೆಣ ಬೀಳುತ್ತದೆ. ಕಿರಿದಾದ ಜಾಗವಾದರೆ ಪಕ್ಕದಲ್ಲಿದ್ದವರಿಗೆ ಡಿಸಿ 15 ಡೆಕ್ಸ್ ಸೇವ್ ಕೊಡಿ, ತಪ್ಪಿದವರು ಕೆಳಗೆ ಬಿದ್ದರು. ಡ್ಯಾಮೇಜ್ ಬೇಡ, ಗೆದ್ದವರನ್ನು ಹೆಣದಿಂದ ಕೊಲ್ಲುವುದು ನ್ಯಾಯವಲ್ಲ. ಎಕ್ಸ್‌ಪಿ (ಗೆದ್ದವರಿಗೆ ಸಿಗುವ ಅನುಭವದ ಅಂಕ) ವಿಷಯದಲ್ಲಿ, ಡ್ರ್ಯಾಗನ್ ಒಮ್ಮೆಯಾದರೂ ನಿಜರೂಪದಲ್ಲಿ ಕಾದಾಡಿದ್ದರೆ ಸಿಆರ್ 16ರ ಪೂರ್ತಿ 15,000. ವೇಷದಲ್ಲೇ, ಕಿಂಡಿಯಲ್ಲಿ ಸಿಕ್ಕಿಸಿ ಮುಗಿಸಿದ್ದರೆ ಲೆಕ್ಕದ ಪ್ರಕಾರ ಸಿಆರ್ 10, ಅಂದರೆ 5,900. ಆದರೆ ಅಲ್ಲಿಗೆ ಎಳೆದು ತಂದ ಬುದ್ಧಿಗೇ ಬೆಲೆ ಕಟ್ಟಬೇಕು, ಅವರಿಗೂ 15,000 ಕೊಡಿ.